ಊಟದ ಮೇಜಿನ ಮಾಥೆರಾನ್

ಮೂರನೇ ಸಲವೂ ರೈಲು ಅದೇ ತಿರುವಿನಲ್ಲಿ ನಿಂತಿತು. ಶೀನ ಶೆಟ್ಟರು ಕನ್ನಡಕ ಏರಿಸಿಕೊಂಡು ಬಗ್ಗಿ, ಬೆರಳುದ್ದದ ಇಂಜಿನ್ನನ್ನು ಮೆಲ್ಲಗೆ ತಟ್ಟಿದರು. ಅದು ಗುರ್ ಎಂದು ಮತ್ತೆ ಸುಮ್ಮನಾಯಿತು.

“ಹತ್ತುದಿಲ್ಲ ಅದ್,” ಎಂದರು ಹೆಂಡತಿ ಪುಷ್ಪಕ್ಕ, ಬಾಗಿಲಿಗೆ ಒರಗಿ. “ಹನ್ನೆರಡ್ ಗಂಟಿಗೆ ಇನ್ ಹತ್ತೇ ನಿಮಿಷ ಇತ್ತ್. ಮಾತಂದ್ರೆ ಮಾತ್.”

ಮಾತು ಇಷ್ಟೇ. ಹನ್ನೆರಡರೊಳಗೆ ರೈಲು ಬೆಟ್ಟದ ತುದಿ ಮುಟ್ಟಿದರೆ ಊಟದ ಮೇಜು ಶೆಟ್ಟರದ್ದು. ಮುಟ್ಟದಿದ್ದರೆ ಬೆಟ್ಟ ಅಟ್ಟಕ್ಕೆ, ಪುಷ್ಪಕ್ಕನಿಗೆ ನಿಜವಾದ ಮಾಥೆರಾನಿಗೆ ಒಂದು ಟಿಕೆಟ್. ಒಂದೇ, ಗಂಡ ಹೇಗೂ ಹೋಗಿ ಬಂದವರಲ್ಲವೇ. ತೆಕ್ಕಟ್ಟೆಯ ಆ ಮನೆಯಲ್ಲಿ ಎಂಟು ತಿಂಗಳಿಂದ ಇಬ್ಬರೂ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಮೇಜಿನ ಮೇಲೆ ಹಳೇ ಪೇಪರು, ಮೈದಾ ಅಂಟು, ಮುರಕಲ್ಲಿನ ಕೆಂಪು ಪುಡಿಯ ಬೆಟ್ಟ ಎದ್ದಿತ್ತು. ಶೆಟ್ಟರು ಮುಂಬೈ ಕಡೆಯ ನೇರಲ್ ಸ್ಟೇಷನ್ನಿನ ಎದುರು ಹದಿನೆಂಟು ವರ್ಷ ಹೋಟೆಲು ನಡೆಸಿದವರು. ಎರಡಡಿ ಅಗಲದ ಹಳಿಯ ಮೇಲೆ ಮಾಥೆರಾನ್ ಬೆಟ್ಟ ಹತ್ತುವ ನೂರು ವರ್ಷ ಮೀರಿದ ಪುಟಾಣಿ ರೈಲು ಹೊರಡುವುದು ಅಲ್ಲಿಂದಲೇ. ಊರಲ್ಲಿದ್ದ ಹೆಂಡತಿಗೆ “ಮುಂದಿನ ವರ್ಷ ಕರ್ಕಂಡ್ ಹೋತೆ” ಎಂದು ಹದಿನೆಂಟು ಸಲ ಹೇಳಿದವರೂ ಅವರೇ.

ಪುಷ್ಪಕ್ಕ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಗೆಲ್ಲುತ್ತಿದ್ದರು. ಆದರೆ ಗಂಡನ ಮುಖ ನೋಡಿ ಮೇಜಿನ ಹತ್ತಿರ ಬಂದರು.

“ಹ್ವಾಯ್, ಹೊಸ ಗಾಡಿ ಅಲ್ದಾ ಇದ್? ಚಕ್ರದಡಿಗೆ ನಿಂಬೆಹಣ್ ಇಟ್ರ್ಯಾ?”

“ಇಂಜಿನ್ನಿಗಿಂತ ನಿಂಬೆಹಣ್ಣೇ ಎತ್ರ ಇತ್ತ್ ಮರಾಯ್ತಿ.”

“ಹಂಗಾರೆ ನಾನೇ ಒಡಿತೆ.” ಪುಷ್ಪಕ್ಕ ಅಡುಗೆಮನೆಯಿಂದ ಹಣ್ಣು ತಂದು, ತಿರುವಿನ ಹಳಿಯ ಮೇಲಿಟ್ಟು, ಅಂಗೈಯಲ್ಲಿ ಪಚಕ್ ಎಂದು ಒತ್ತಿಯೇಬಿಟ್ಟರು. ರಸವೆಲ್ಲ ಹಿತ್ತಾಳೆ ಹಳಿಯ ಮೇಲೆ ಹರಿಯಿತು. “ಪೂರಾ ಹಾಳ್ ಮಾಡ್ದೆ,” ಎಂದು ಗೊಣಗುತ್ತ ಶೆಟ್ಟರು ಲುಂಗಿಯ ತುದಿಯಿಂದ ತಿಕ್ಕಿ ಒರೆಸಿದರು. ಲುಂಗಿ ಕಪ್ಪಾಯಿತು, ಹಳಿ ಬಂಗಾರದಂತೆ ಹೊಳೆಯಿತು. ಕಡಲ ಗಾಳಿಗೆ ಹಳಿ ಕಿಲುಬು ಹಿಡಿದು ಇಂಜಿನ್ನಿಗೆ ಕರೆಂಟೇ ಸಿಗುತ್ತಿರಲಿಲ್ಲ ಎಂಬುದು ಅವರಿಗೆ ಆಗ ಗೊತ್ತಾಯಿತು. ಗೊತ್ತಾದರೂ ಬಾಯಿ ಬಿಡದೆ ಸ್ವಿಚ್ ಒತ್ತಿದರು.

ರೈಲು ತಿರುವು ದಾಟಿತು. ಕುಂಟುತ್ತ ಮೇಲೆ ಹೋಗಿ ತುದಿಯ ಸ್ಟೇಷನ್ನಿನಲ್ಲಿ ನಿಂತಿತು. ಹನ್ನೆರಡಕ್ಕೆ ಇನ್ನೂ ಮೂರು ನಿಮಿಷ ಇತ್ತು.

“ಗೆದ್ದೆ ಕಾಣ್,” ಎಂದರು ಶೆಟ್ಟರು.

ಪುಷ್ಪಕ್ಕ ಗಲ್ಲವನ್ನು ಮೇಜಿಗೆ ತಾಗಿಸಿ ಬೆಟ್ಟದ ತುದಿಯನ್ನೇ ನೋಡುತ್ತಿದ್ದರು. “ಅಲ್ಲಿ ನಿಂತ್ರೆ ಕೆಳಗೆ ಎಂತೆಲ್ಲ ಕಾಣತ್ತ್?”

“ನಂಗೆಂತ ಗೊತ್ತ್? ಭಾನುವಾರ ಗಿರಾಕಿ ಜಾಸ್ತಿ, ಬಾಕಿ ದಿನ ಆಳ್ ಇಲ್ಲ. ನಾ ಕೆಳಗಿಂದ ಕಂಡದ್ದೇ. ಮೇಲಿನದ್ದೆಲ್ಲ ಫೋಟೋ ಕಂಡ್ ಮಾಡದ್ದ್.”

“ನೀವೂ ಹೋಯ್ಲಿಲ್ಯಾ?” ಪುಷ್ಪಕ್ಕ ತಲೆ ಎತ್ತಿದರು. ಗಂಡ ಗೆಳೆಯರ ಜೊತೆ ಎಷ್ಟು ಸಲ ಹತ್ತಿ ಇಳಿದಿರಬಹುದೆಂದು ಯೋಚಿಸಿ ಯೋಚಿಸಿ ಅವರು ವರ್ಷಗಟ್ಟಲೆ ಹಲ್ಲು ಕಡಿದಿದ್ದರು. ಅಷ್ಟೂ ಸಿಟ್ಟನ್ನು ಈಗ ಎಲ್ಲಿಡುವುದೆಂದೇ ತಿಳಿಯಲಿಲ್ಲ.

“ಆಯ್ತ್, ಸೋತೆ. ಮೇಜ್ ನಿಮ್ಗೇ ಇರ್ಲಿ,” ಎಂದರು ಕೊನೆಗೆ. “ಟಿಕೆಟ್ ಮಾತ್ರ ಎರಡ್ ಮಾಡಿ.”