ಸೆನ್ಸರಿಗೆ ಕಟ್ಟಿದ ದಾರ

ಅವಳ ಹಳೆಯ ಕಾರಿನಡಿಯಿಂದ ತೆವಳಿ ಹೊರಬಂದ ಮೆಕ್ಯಾನಿಕ್ ಭಾವ, ಹೊಗೆ ಕೊಳವೆಯಿಂದ ಬಿಚ್ಚಿದ ಆಕ್ಸಿಜನ್ ಸೆನ್ಸರನ್ನು ಅವಳ ಮುಖದೆದುರು ಹಿಡಿದು, ಗ್ಯಾರೇಜಿನ ಗಿರಾಕಿಗಳಿಗೆಲ್ಲ ಕೇಳುವಂತೆ ದಬಾಯಿಸಿದ. "ಹೋದ ತಿಂಗಳು ತಾನೇ ಹೊಸದು ಹಾಕಿಕೊಟ್ಟೆ. ಸ್ಕ್ಯಾನರಲ್ಲಿ ಮತ್ತೆ ಅದೇ ಕೋಡ್ ಬಂದಿದೆ, ಇದನ್ನೂ ಸುಟ್ಟು ಹಾಕಿದೀಯ. ಗಾಡಿ ಓಡಿಸ್ತೀಯೋ, ಇಸ್ತ್ರಿ ತಿಕ್ತೀಯೋ?"

ಲಾಂಡ್ರಿ ನಡೆಸುವ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಸೆನ್ಸರಿನ ವೈರು ಕಣ್ಣಿಗೆ ಬಿತ್ತು. ಪ್ಲಗ್ಗಿನ ಪಕ್ಕ ಏನೋ ಗಂಟು. ಹೆಬ್ಬೆರಳಿನಿಂದ ಮಸಿ ಒರೆಸಿದಳು. ಕೆಂಪು ದಾರ.

ಬಂದ ಬಟ್ಟೆಗೆ ಗುರುತಿನ ದಾರ ಕಟ್ಟದೆ ಕೆಳಗಿಡುವವಳಲ್ಲ ಅವಳು. ಹೋದ ತಿಂಗಳು, "ಇದೇ ನೋಡು ಕೆಟ್ಟಿರೋದು, ಬದಲಾಯಿಸ್ತೀನಿ" ಎಂದು ಭಾವ ಹಳೆಯ ಸೆನ್ಸರನ್ನು ಬಿಚ್ಚಿ ಕೈಗೆ ಕೊಟ್ಟಾಗಲೂ ಅವಳ ಬೆರಳುಗಳು ಸುಮ್ಮನಿರದೆ ಅದಕ್ಕೊಂದು ಗಂಟು ಹಾಕಿದ್ದವು.

ಭಾವ ದಾರವನ್ನು ನೋಡಿದ. "ಅದು ಕಂಪನಿಯವರೇ ಕಟ್ಟಿರ್ತಾರೆ."

"ಕಂಪನಿಯವರಿಗೆ ನನ್ನ ಗಂಟು ಹೇಳಿಕೊಟ್ಟವರು ಯಾರು, ಭಾವ?"

ಗಿರಾಕಿಯೊಬ್ಬ ಕೆಮ್ಮಿದ. ಭಾವ ತಲೆ ತಗ್ಗಿಸಿಕೊಂಡು ಹೋಗಿ ಕಪಾಟಿನಿಂದ ಹೊಸ ಸೆನ್ಸರಿನ ಡಬ್ಬಿ ತಂದ. ಎಲ್ಲರೂ ನೋಡುತ್ತಿದ್ದಂತೆಯೇ ಅವಳು ಕೈಚೀಲದಿಂದ ಕೆಂಪು ದಾರದ ಉಂಡೆ ತೆಗೆದು ಅಂಗೈ ಚಾಚಿದಳು.

"ಮೊದಲು ಇಲ್ಲಿ ಕೊಡಿ. ಗುರುತು ಹಾಕಿ ಕೊಡ್ತೀನಿ."