ನಡೆದು ಹೋದರೆ

ವಸತಿ ಶಾಲೆಯ ಗೋಡೆಯ ಮೇಲೆ ಮೊದಲ ಸಲ ಡಿಜಿಟಲ್ ನಕಾಶೆ ಮೂಡಿತ್ತು. "ಯಾವ ಊರು ಹುಡುಕೂಣು?" ಎಂದು ಭೂಗೋಳದ ಸುಮಂಗಲಾ ಟೀಚರ್ ಕೇಳಿದರು.

ಐದನೇ ತರಗತಿಯ ನಿಂಗವ್ವ ಎದ್ದು ನಿಂತಳು. "ನಮ್ಮವ್ವ ದುಡಿಯೋ ಇಟ್ಟಂಗಿ ಭಟ್ಟಿ ತೋರಸ್ರಿ, ಟೀಚರ್."

ಟೀಚರ್ ಹುಡುಕಿ ತೋರಿಸಿದರು. "ಇಲ್ಲಿಂದ ಬಸ್ಸಿನ್ಯಾಗ ಎರಡು ತಾಸು, ನೋಡು."

"ನಡಕೋತ ಹೋದ್ರ?"

ಟೀಚರ್ ಗುಂಡಿ ಒತ್ತಿದರು. ನೀಲಿ ಚುಕ್ಕಿಗಳ ದಾರಿ ಕಾಣಿಸಿತು. "ಹದಿನೇಳು ತಾಸು."

ತರಗತಿ ನಕ್ಕಿತು. ನಿಂಗವ್ವ ನಗಲಿಲ್ಲ.

"ಇದು ದೊಡ್ಡೋರ ನಡಿಗಿ ಏನ್ರಿ, ಸಣ್ಣೋರದು?"

"ದೊಡ್ಡೋರದು."

ಅವಳು ದಾರಿಯಲ್ಲಿ ಬರುವ ಊರುಗಳ ಹೆಸರನ್ನೆಲ್ಲ ನೋಟ್‌ಬುಕ್ಕಿಗೆ ಬರೆದುಕೊಂಡಳು. ಭೂಗೋಳದಲ್ಲಿ ಇಷ್ಟು ಆಸಕ್ತಿಯ ಹುಡುಗಿ ಇನ್ನೊಬ್ಬಳಿಲ್ಲ ಎಂದು ಟೀಚರ್ ಮೆಚ್ಚಿಕೊಂಡರು.

ಮರುದಿನ ಹಾಜರಿ ಕರೆದಾಗ ನಿಂಗವ್ವ ಇರಲಿಲ್ಲ. ಒಂದನೇ ತರಗತಿಯಲ್ಲಿ ಅವಳ ತಂಗಿಯೂ ಇರಲಿಲ್ಲ.