ಗಾಡಿ ಬಿಟ್ಟ ಜಾಗದಿಂದ

“ಬಸುವಿನ ಗಾಡಿ ಕೆಟ್ಟು ನಿಂತದ್ದು ಇಲ್ಲೇ,” ಎಂದು ಯೂಜಿನ್ ಬ್ರೇಕ್ ಹಾಕಿದ. ಶಿಲ್ಪಶ್ರೀ ಬಾಗಿಲು ತೆರೆದು ಇಳಿದಳು. ಸುತ್ತ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮರುಭೂಮಿಯಲ್ಲಿ ಬಂದ ಮಣ್ಣಿನ ದಾರಿಯಲ್ಲೇ ದುಖಾನ್ ಹೆದ್ದಾರಿಯ ಕಡೆಗೆ ನಡೆಯತೊಡಗಿದಳು.

ಯೂಜಿನ್ ಗಾಡಿ ತಿರುಗಿಸಿಕೊಂಡು ಬಂದು ಕಿಟಕಿಯಿಂದ ತಲೆ ಹಾಕಿದ. “ಎಂತ ಮಾಡ್ತೀರಿ ಮಾರಾಯ್ರೆ? ಹೆದ್ದಾರಿಗೆ ಎಂಟು ಹತ್ತು ಕಿಲೋಮೀಟರ್ ಉಂಟು!”

“ಗೊತ್ತೈತ್ರಿ ಅಣ್ಣಾರ. ನೀವು ಗಾಡ್ಯಾಗ ಬರ್ರಿ.”

“ಅವನು ಬಿದ್ದ ಜಾಗ ನೋಡ್ಬೇಕು ಅಂದ್ರಿ. ಅದಕ್ಕೆ ಕರ್ಕೊಂಡು ಬಂದೆ. ನಡೀಲಿಕ್ಕಲ್ಲ.”

“ಆ ಜಾಗ ಯಾವುದು? ತೋರಸ್ರಿ.”

ಗಾಡಿಗೂ ಹೆದ್ದಾರಿಗೂ ನಡುವೆ ಎಂದಷ್ಟೇ ಪೊಲೀಸರು ಹೇಳಿದ್ದರು.

“ಪೂರಾ ನಡದ್ರ ಎಲ್ಲ್ಯರ ಒಂದ್ ಕಡೆ ನನ್ನ ಕಾಲು ಅದರ ಮ್ಯಾಲೆ ಬಿದ್ದಾ ಬೀಳತೈತಿ,” ಎಂದಳು.

ತೊಂಬತ್ತೆರಡರ ಆಗಸ್ಟಿನಲ್ಲಿ ಅವಳ ಗಂಡ ಚನ್ನಬಸವ, ಜೊತೆಗೆ ಕೆಲಸ ಮಾಡುತ್ತಿದ್ದ ಯೂಜಿನ್‌ಗೆ ಬಸು, ಎಣ್ಣೆ ಬಾವಿಯ ಕೆಲಸ ಮುಗಿಸಿ ಒಬ್ಬನೇ ಹಿಂದಿರುಗುತ್ತಿದ್ದಾಗ ಗಾಡಿ ನಿಂತಿತು. ಅವನು ಇಳಿದು ನಡೆದ. ಹೆಣ ಸಿಕ್ಕಿದ್ದು ಮೂರನೆಯ ದಿನ. ಆಗ ಅವಳು ಹುಬ್ಬಳ್ಳಿಯ ತವರಿನಲ್ಲಿದ್ದಳು. ಪೆಟ್ಟಿಗೆ ಅಲ್ಲಿಗೇ ಬಂತು, ತೆರೆಯಬೇಡಿ ಎಂಬ ಮಾತಿನೊಡನೆ. ಈಗ ನವೆಂಬರ್. ದೋಹಾದ ಮನೆ ಖಾಲಿ ಮಾಡಲು ಬಂದವಳ ವೀಸಾ ನಾಳೆಗೆ ಮುಗಿಯುತ್ತಿತ್ತು. ಮತ್ತೆ ಈ ದೇಶಕ್ಕೆ ಬರಲು ಅವಳಿಗೆ ಕಾರಣವಿರಲಿಲ್ಲ.

ಯೂಜಿನ್ ಅವಳ ಪಕ್ಕದಲ್ಲೇ ಗಾಡಿಯನ್ನು ತೆವಳಿಸುತ್ತಿದ್ದ. “ಗಾಡಿ ಬಿಟ್ಟು ಹೋಗ್ಬಾರ್ದು ಅಂತ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ಅದರ ನೆರಳಲ್ಲೇ ಕೂತಿದ್ರೆ...” ಎಂದವನು ನಾಲಿಗೆ ಕಚ್ಚಿಕೊಂಡ.

“ನಡದು ಹೊಂಟವರಿಗೆ ಯಾರರ ಕರದು ನೀರು ಕೊಟ್ಟಾ ಕೊಡ್ತಾರ ಅನ್ನೂದು ಅವರಿಗೆ ಗೊತ್ತಿತ್ತರಿ. ಶ್ರೀಶೈಲಕ್ಕ ನಡದು ಹೋಗಿ ಬಂದವರು.”

“ಅಯ್ಯೋ, ಆ ಶ್ರೀಶೈಲ! ಆಫೀಸಲ್ಲಿ ಒಬ್ಬ ಅಮೆರಿಕನ್ ಮುದುಕ ಇದ್ದಾನೆ. ಹುಡುಗ ಆಗಿದ್ದಾಗ ಅವನ ದೇಶದ ಹಳ್ಳಿಗಳನ್ನೆಲ್ಲ ನಡೆದೇ ದಾಟಿದ್ದನಂತೆ. ಎಲ್ಲಿ ನೋಡಿದ್ರೂ ಜೋಳದ ಹೊಲ, ಆದ್ರೆ ನೀರು ಕೇಳಿದ್ರೆ ಒಂದು ಮನೆಯವರೂ ಇಲ್ಲ ಅನ್ಲಿಲ್ಲ ಅಂತ ದಿನಾ ಬಡಾಯಿ. ನಮ್ಮ ಬಸು ಬಿಡ್ಬೇಕಲ್ಲ? ‘ನಿಮ್ಮಲ್ಲಿ ಕೇಳ್ಬೇಕಾ? ನಮ್ಮಲ್ಲಿ ಶ್ರೀಶೈಲಕ್ಕೆ ನಡೆದ್ರೆ ಊರವರೇ ದಾರಿಗೆ ಅಡ್ಡ ನಿಂತು ಕುಡಿಸ್ತಾರೆ’ ಅಂತ.” ಯೂಜಿನ್ ನಕ್ಕ. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಆಗಸ್ಟಿನಿಂದ ಕದಲಿರಲಿಲ್ಲ.

ಹಿಂದಿನಿಂದ ಧೂಳೆಬ್ಬಿಸುತ್ತ ಒಂದು ಪಿಕಪ್ ಬಂತು. ಹಿಂಬದಿಯಲ್ಲಿ ಆಡುಗಳು. ಬಿಳಿಗಡ್ಡದ ಅರಬ್ ಬೆದೂಯಿನ್ ಮುದುಕನೊಬ್ಬ ಇಳಿದವನೇ ಯೂಜಿನ್‌ನ ಗಾಡಿಯ ಬಾನೆಟ್ಟಿಗೆ ಬಡಿದ. “ಹರಾಮ್ ಅಲೈಕ್, ನಾಚಿಕೆ ಆಗಬೇಕು ನಿನಗೆ! ಹೆಂಡತಿಯನ್ನು ಮರುಭೂಮಿಯಲ್ಲಿ ನಡೆಸಿ ನೀನು ಗಾಡಿಯಲ್ಲಿ ಕೂತಿದ್ದೀಯಾ? ಜಗಳ ಇದ್ದರೆ ಮನೆಯಲ್ಲಿ ಆಡು!”

“ಹೆಂಡತಿ ಅಲ್ಲ ಚಾಚಾ, ಮಾಫಿ ಹೆಂಡತಿ!” ‘ಇಲ್ಲ’ ಎನ್ನುವ ಅರಬ್ಬಿ ‘ಮಾಫಿ’ಯನ್ನೇ ಹಿಡಿದು ಯೂಜಿನ್ ಬೆವರಿದ. ತನ್ನ ಮುರುಕು ಅರಬ್ಬಿಯಲ್ಲಿ, ಕೈಸನ್ನೆ ಸೇರಿಸಿ, ಅವಳ ಗಂಡನ ವಿಷಯ ಹೇಳಿದ. ಮುದುಕನ ಕೈ ಬಾನೆಟ್ಟಿನ ಮೇಲೆಯೇ ಉಳಿಯಿತು. ಏನೋ ಹೇಳಿ, ಪಿಕಪ್ ಹತ್ತಿ ಮುಂದೆ ಹೊರಟುಹೋದ.

“ಅಬ್ದುಲ್ಲಾ ಅಂತೆ ಹೆಸರು,” ಎಂದ ಯೂಜಿನ್. “ಬಸುವನ್ನು ಮೊದಲು ಕಂಡದ್ದು ಇವರ ಆಡುಗಳಂತೆ.”

ಅವಳು ನಡಿಗೆ ನಿಲ್ಲಿಸಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಒಂಟಿ ಮುಳ್ಳುಕಂಟಿ ಕಾಣಿಸಿತು. ಅದರ ಬಳಿ ಪಿಕಪ್. ಅಬ್ದುಲ್ಲಾ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಿದ್ದ. ಅವಳ ಹೆಜ್ಜೆ ತಾನಾಗಿ ನಿಂತಿತು.

ಅವನು ಕಂಟಿಯ ಬುಡವನ್ನು ತೋರಿಸಿ ಮೆಲ್ಲಗೆ ಮಾತಾಡಿದ. ಯೂಜಿನ್ ಗಾಡಿ ನಿಲ್ಲಿಸಿ ಇಳಿದು ಬಂದು, ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿದ. “ಇಲ್ಲೇ ಅಂತೆ. ಕೂತೇ ಇದ್ದನಂತೆ. ಬೂಟು ಬಿಚ್ಚಿ ಪಕ್ಕದಲ್ಲಿ ಜೋಡಿಸಿ ಇಟ್ಟಿದ್ದನಂತೆ, ಯಾರೋ ಬರ್ತಾರೆ ಅನ್ನುವ ಹಾಗೆ.”

ಅವಳು ಆ ನೆಲವನ್ನು ನೋಡಿದಳು. ಕಲ್ಲು, ಮರಳು, ಆಡಿನ ಹಿಕ್ಕೆ. ಅಬ್ದುಲ್ಲಾ ಪಿಕಪ್ಪಿನಿಂದ ಹೂಜಿ ತಂದು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಏಲಕ್ಕಿ ಹಾಕಿದ ತಮ್ಮ ಕಾಫಿ ಬಗ್ಗಿಸಿ ಅವಳ ಮುಂದೆ ಹಿಡಿದ. ಅವಳು ಕುಡಿದಳು. ಕಹಿ ಗಂಟಲಿಗೆ ಗೊತ್ತಾಯಿತು.

“ಸಾಕಾದ್ರೆ ಬಟ್ಟಲು ಅಲ್ಲಾಡಿಸಿ ಕೊಡಿ,” ಯೂಜಿನ್ ಪಿಸುಗುಟ್ಟಿದ. “ಇಲ್ಲಾಂದ್ರೆ ಹಾಕ್ತಲೇ ಇರ್ತಾರೆ.”

ಅವಳು ಅಲ್ಲಾಡಿಸದೆ ಚಾಚಿದಳು. ಅಬ್ದುಲ್ಲಾ ಮತ್ತೆ ಬಗ್ಗಿಸಿದ. ಅವಳು ಕುಕ್ಕರಗಾಲಲ್ಲಿ ಕೂತು, ತುಳುಕದ ಹಾಗೆ ಅದನ್ನು ಕಂಟಿಯ ಬುಡದಲ್ಲಿ ಇಟ್ಟಳು. “ತಡಾ ಆತ್ರಿ,” ಎಂದಳು, ಯಾರಿಗೂ ಕೇಳದಷ್ಟು ಮೆಲ್ಲಗೆ.

ಯೂಜಿನ್ ಮುಖ ತಿರುಗಿಸಿ ನಿಂತ. ಅಬ್ದುಲ್ಲಾ ಹೂಜಿಯನ್ನು ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಂಡೇ ಬಟ್ಟಲಿನ ಎದುರು ಮಂಡಿಯೂರಿ ಕೂತ. ಬಟ್ಟಲು ಅಲ್ಲಾಡುವವರೆಗೆ ಅತಿಥಿಯನ್ನು ಬಿಟ್ಟು ಏಳುವ ಪದ್ಧತಿ ಅವರಲ್ಲಿಲ್ಲ.